ಮೂರನೆಯವಳ ಜುಮಕಿಗಳು

ಹನಿಯೊಂದು ಬೀಳುವುದಕ್ಕೆ ಮುಂಚೆ ಅರೆಗಳಿಗೆ ಸುಮ್ಮನೆ ತೂಗುತ್ತದೆ. ಕೆಳಗೆ ದಪ್ಪಗೆ, ಮೇಲೆ ಎಳೆಯಷ್ಟು ಸಣ್ಣಗೆ, ಬೀಳಲೋ ಬೇಡವೋ ಎಂದು ಯೋಚಿಸುವ ಹಾಗೆ. ಎಲೆಯ ಬೆನ್ನಿಗೆ ಅಂಟಿಕೊಂಡ ಚಿಟ್ಟೆಯ ಗೂಡೂ ಹಾಗೆಯೇ ತೂಗುತ್ತದೆ. ಅದು ಬೀಳುವುದಿಲ್ಲ, ಕಾಯುತ್ತದೆ. ಇವೆರಡನ್ನೂ ನಾನು ನೋಡಲು ಕಲಿತದ್ದು ಒಂದೇ ಹುಡುಗಿಯಿಂದ. ಅವಳಿಗೆ ಈಗ ಅರವತ್ತು ದಾಟಿದೆ. ನನ್ನ ಎಡಗಣ್ಣಿನ ಪೊರೆ ತೆಗೆಸಿದ ಮೇಲೆ ದಿನಕ್ಕೆ ನಾಲ್ಕು ಸಲ ಎರಡು ಬೀದಿ ದಾಟಿ ಬಂದು ಔಷಧಿ ಹನಿಸಿಹೋಗುತ್ತಿದ್ದವಳು ಅವಳೇ, ಜಲಜ. ನಾನು ಹೆತ್ತವಳಲ್ಲ. ಆದರೆ ನನ್ನನ್ನು ಈ ಮನೆಯಲ್ಲಿ ಮೊದಲು ಕೈಹಿಡಿದವಳು.

ನಾನು ಓದಿದವಳಲ್ಲ. ಒಂದನೆಯ ಈಯತ್ತೆಯ ಮೊದಲ ವಾರವೇ ಸ್ಲೇಟು ಒಡೆಯಿತು, ಇನ್ನೊಂದನ್ನು ಯಾರೂ ಕೊಡಿಸಲಿಲ್ಲ. ಈಗ ಇದನ್ನು ಬರೆಯುತ್ತಿರುವ ಅಕ್ಷರಗಳು ಕೂಡ ಜಲಜ ಕೊಟ್ಟದ್ದೇ. ಅವಳು ಕೊಟ್ಟ ಅಕ್ಷರದಿಂದ ಅವಳಿಗೆ ಮಾಡಿದ್ದನ್ನು ಬರೆಯಬೇಕಾಗಿ ಬಂದಿದೆ. ಬರೆಯುತ್ತೇನೆ.

ನನ್ನ ಮದುವೆಯಾದಾಗ ನನಗೆ ಇಪ್ಪತ್ತಾರು. ಆ ಕಾಲಕ್ಕೆ ಅದು ಮದುವೆಯ ವಯಸ್ಸಲ್ಲ, ಮದುವೆಯ ಮಾತನ್ನು ಜನ ನಿಲ್ಲಿಸುವ ವಯಸ್ಸು. ಬಂದ ಸಂಬಂಧ ಹೂವಾಡಿಗರ ಅಶ್ವತ್ಥಯ್ಯನವರದು. ಊರಿನ ಆಂಜನೇಯನ ಗುಡಿಗೆ ಮಾಲೆ ಕಟ್ಟಿಕೊಡುವ ಮನೆ. ಆಳು ಒಳ್ಳೆಯವರು, ಮೆತ್ತಗಿನ ಮಾತು, ಹಿತ್ತಲ ತುಂಬ ಹೂವು. ಆದರೆ ಇಬ್ಬರು ಹೆಂಡಿರು ತೀರಿಹೋಗಿದ್ದರು. ಮೊದಲನೆಯವಳು ವರ್ಷ ತುಂಬುವುದರೊಳಗೆ, ಎರಡನೆಯವಳು ಮೂರು ವರ್ಷದ ಹಿಂದೆ, ಐದು ವರ್ಷದ ಹೆಣ್ಣುಮಗುವನ್ನು ಬಿಟ್ಟು. ನಾನು ಮೂರನೆಯವಳಾಗಬೇಕಿತ್ತು.

ಮೂರನೆಯ ಹೆಂಡತಿ ಉಳಿಯುವುದಿಲ್ಲ ಎಂದು ನಮ್ಮ ಕಡೆ ಬಲವಾದ ನಂಬಿಕೆ. ಅದಕ್ಕೆ ಪರಿಹಾರವೂ ಇತ್ತು. ಗಂಡು ಮೊದಲು ಎಕ್ಕದ ಗಿಡಕ್ಕೆ ತಾಳಿ ಕಟ್ಟಬೇಕು. ಗಿಡವೇ ಮೂರನೆಯವಳು. ಆಮೇಲೆ ಬರುವ ಹೆಣ್ಣು ನಾಲ್ಕನೆಯವಳು, ಅವಳಿಗೆ ದೋಷವಿಲ್ಲ. ಮದುವೆಯಾದ ಗಿಡವನ್ನು ಮಾತ್ರ ಉಳಿಸುವಂತಿಲ್ಲ. "ಹೊಸ ಹೆಣ್ಣು ಮನೆ ತುಂಬಿದ ಹತ್ತು ದಿನದೊಳಗೆ ಕಡಿದುಹಾಕಿ," ಎಂದಿದ್ದರು ಜೋಯಿಸರು. "ಮೂರನೆಯವಳು ಹೋದಳು ಅಂತ ಲೆಕ್ಕ ಆಗಬೇಕು. ಹೋಗೋದು ಗಿಡ ಆಗಲಿ, ಹುಡುಗಿ ಬೇಡ."

ಶನಿವಾರದ ಮಾಲೆಗೆ ಬೇಕೆಂದೇ ಹಿತ್ತಲಲ್ಲಿ ಒಗೆಯುವ ಕಲ್ಲಿನ ಪಕ್ಕ ಒಂದು ಎಕ್ಕ ಬೆಳೆಸಿದ್ದರು. ಆಳೆತ್ತರದ ಗಿಡ. ಅದಕ್ಕೇ ಮದುವೆ. ನಮ್ಮವರು ಬುಡಕ್ಕೆ ಅರಿಸಿನದ ಕೊಂಬು ಕಟ್ಟಿ, ಕುಂಕುಮವಿಟ್ಟು, ರವಿಕೆ ಕಣ ಸುತ್ತಿ ಸುತ್ತು ಬಂದರಂತೆ. ಅದಾದ ಮೂರನೆಯ ದಿನ ಗುಡಿಯಲ್ಲಿ ನನಗೆ ತಾಳಿ ಕಟ್ಟಿದರು. ನಾನು ಹೊಸಿಲು ದಾಟಿ ಬಂದವಳು ದೇವರಿಗೆ ಕೈಮುಗಿದು ಎದ್ದ ಕೂಡಲೇ ನಮ್ಮವರ ಅಕ್ಕ ತಿರುಮಲಮ್ಮ ನನ್ನ ರಟ್ಟೆ ಹಿಡಿದು ಹಿತ್ತಲಿಗೆ ಕರೆದುಕೊಂಡುಹೋದರು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆ ಸೇರಿದ್ದ ಹೆಂಗಸು. ತಾಯಿ ಹೋದ ಮೇಲೆ ಜಲಜಳನ್ನು ಸಾಕಿದವರು ಅವರೇ. ನಾಲಿಗೆ ಕತ್ತರಿಯ ಹಾಗೆ.

"ನೋಡು, ನಿನ್ನ ಹಿರೀ ಸವತಿ," ಎಂದರು, ಗಿಡ ತೋರಿಸಿ. "ಕೈ ಮುಗಿ. ಇಷ್ಟು ಬಾಯಿ ಮುಚ್ಕೊಂಡಿರೋ ಸವತಿ ಯಾವ ಪುಣ್ಯವಂತೆಗೂ ಸಿಕ್ಕಲ್ಲ."

ನಾನು ನಗಲೋ ಬೇಡವೋ ತಿಳಿಯದೆ ಕೈಮುಗಿದೆ. ಆಗ ಗಿಡದ ಕೆಳಗಿನಿಂದ ಒಂದು ದನಿ ಬಂತು. "ಅತ್ತೆ, ಮದುಮಗಳಿಗೆ ಜುಮಕಿ ಯಾರು ಹಾಕಿದ್ದು? ನೀವಾ?"

ಎಂಟು ವರ್ಷದ ಹುಡುಗಿ. ಕುಕ್ಕರುಗಾಲಲ್ಲಿ ಕೂತು ಕತ್ತು ಮೇಲೆತ್ತಿ ಎಲೆಗಳ ಬೆನ್ನು ನೋಡುತ್ತಿದ್ದಳು.

"ಯಾವ ಜುಮಕಿನೇ? ಮೊದಲು ಆಚೆ ಬಾ, ಹಾಲು ಕಣ್ಣಿಗೆ ಬಿದ್ರೆ ನಿಮ್ಮಪ್ಪ ನನ್ನ ಬಯ್ತಾನೆ."

"ನೀವು ಬನ್ನಿ," ಎಂದು ಜಲಜ ನನ್ನ ಸೆರಗು ಎಳೆದಳು. ಮದುವೆಯ ಸೀರೆಯಲ್ಲೇ ನಾನು ಅವಳ ಪಕ್ಕ ಕೂತೆ. ಎಕ್ಕದ ಎಲೆಯ ಅಡಿಯಲ್ಲಿ ಹೆಬ್ಬೆರಳ ಉಗುರಿಗಿಂತ ತುಸು ದೊಡ್ಡದೊಂದು ಎಳೆಹಸಿರು ಹನಿ ತೂಗುತ್ತಿತ್ತು. ಅದರ ಮೈಮೇಲೆ ಚಿನ್ನದ ಚುಕ್ಕೆಗಳು. ಬಣ್ಣ ಬಳಿದದ್ದಲ್ಲ, ನಿಜವಾದ ಚಿನ್ನದ ಹೊಳಪು, ಅಕ್ಕಸಾಲಿ ಕೂರಿಸಿದ ಹಾಗೆ. ಅಂಥವು ಒಟ್ಟು ಒಂಬತ್ತು ಇದ್ದವು.

"ಪಟ್ಟೆ ಹುಳ ಇದ್ವಲ್ಲ, ಅವೇ ಇವು," ಎಂದಳು ಜಲಜ. "ಎಲೆಯೆಲ್ಲಾ ತಿಂದು ತಲೆಕೆಳಗಾಗಿ ನೇತಾಕ್ಕೊಂಡ್ವು. ಬೆಳಿಗ್ಗೆ ನೋಡ್ತೀನಿ, ಜುಮಕಿ ಆಗ್ಬಿಟ್ಟಿವೆ. ಒಳಗೆ ಚಿಟ್ಟೆ ಇದೆ. ಹೋದ ಸಲ ಒಂದೇ ಒಂದು ಇತ್ತು, ನಾನು ಸ್ಕೂಲಿಂದ ಬರೋದ್ರೊಳಗೆ ಹಾರಿಹೋಗಿತ್ತು. ಈ ಸಲ ನೋಡ್ಲೇಬೇಕು."

ಆಮೇಲೆ ಅವಳ ಕಣ್ಣು ನನ್ನ ಕಿವಿಗೆ ಬಂತು. ನನ್ನ ಕಿವಿಯಲ್ಲಿ ಇದ್ದದ್ದು ಅವಳ ತಾಯಿಯ ಜುಮಕಿ. ಬೆಳಿಗ್ಗೆ ತಿರುಮಲಮ್ಮನೇ ಹಾಕಿದ್ದರು. ನಾನು ನಾಚಿ ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡೆ. ಜಲಜ ಸೆರಗನ್ನು ಹಿಂದಕ್ಕೆ ಸರಿಸಿ, "ಇರ್ಲಿ ಬಿಡಿ, ಚೆನ್ನಾಗಿದೆ," ಎಂದಳು. ಅಷ್ಟೇ. ಆ ಮಾತಿನಿಂದ ನಾನು ಆ ಮನೆಯವಳಾದೆ.

ಅವತ್ತು ಊಟದ ಹೊತ್ತಿಗೆ ಗಿಡ ಕಡಿಯುವ ಮಾತು ಬಂತು. ಜಲಜ ಕಲಸಿದ ಅನ್ನ ಬಿಟ್ಟು ಎದ್ದಳು. ಅಪ್ಪನ ತೊಡೆ ಹಿಡಿದು, "ಜುಮಕಿ ಒಡೆಯೋ ತನಕ ಬೇಡಪ್ಪಾ," ಎಂದು ಅತ್ತಳು. ನಮ್ಮವರು ಅಕ್ಕನ ಮುಖ ನೋಡಿದರು.

"ನನ್ನ ಯಾಕೋ ನೋಡ್ತೀಯ, ನಾನೇನು ಜೋಯಿಸನಾ?" ಎಂದರು ತಿರುಮಲಮ್ಮ. "ಹತ್ತು ದಿನ ಅಂದಿದಾರೆ ತಾನೆ? ಹತ್ತನೇ ದಿನ ಬೆಳಿಗ್ಗೆ ಕಡಿ. ಅಷ್ಟರಲ್ಲಿ ಹಾರಿದ್ರೆ ಹಾರ್ಲಿ." ಮತ್ತೆ ನನ್ನ ಕಡೆ ತಿರುಗಿ, "ನಿನಗೇನಾದ್ರೂ ಭಯವೇನಮ್ಮ?" ಎಂದು ಕೇಳಿದರು.

"ಇಲ್ಲ ಅತ್ತಿಗೆ," ಎಂದೆ. "ಮಗು ನೋಡ್ಲಿ." ಜಲಜ ಅಳು ನಿಲ್ಲಿಸಿ ನನ್ನ ಪಕ್ಕಕ್ಕೆ ಬಂದು ಕೂತು ಊಟ ಮುಗಿಸಿದಳು.

ಭಯವಿತ್ತು. ಅಡುಗೆಮನೆಯ ಅಟ್ಟದ ಮೇಲೆ ಎರಡು ಹಿತ್ತಾಳೆ ಕೊಡಗಳನ್ನು ಬೋರಲು ಹಾಕಿದ್ದರು. ಎರಡರ ಕಂಠದಲ್ಲೂ ಒಂದೊಂದು ಹೆಸರು ಕೊರೆದಿತ್ತು. ಮದುವೆಯ ಹೆಣ್ಣಿಗೆ ತವರಿನವರು ಹೆಸರು ಹಾಕಿಸಿ ಪಾತ್ರೆ ಕೊಡುವುದು ವಾಡಿಕೆ. ನನಗೆ ಓದಲು ಬರುತ್ತಿರಲಿಲ್ಲ. ಆದರೂ ಅವು ಯಾರವೆಂದು ಕೇಳಬೇಕಾಗಿರಲಿಲ್ಲ. ನನ್ನ ಹೆಸರಿನ ಕೊಡ ಕೆಳಗೆ ನೀರು ತುಂಬಿಕೊಂಡು ಕೂತಿತ್ತು. ಒಲೆ ಊದುವಾಗಲೆಲ್ಲ ನನ್ನ ಕಣ್ಣು ಅಟ್ಟಕ್ಕೆ ಹೋಗುತ್ತಿತ್ತು. ಎರಡು ಕೊಡಗಳ ಪಕ್ಕದಲ್ಲಿ ಇನ್ನೂ ಒಂದಕ್ಕೆ ಜಾಗವಿತ್ತು.

ಹಗಲು ಜಲಜ ಇದ್ದಾಗ ಭಯ ಇರುತ್ತಿರಲಿಲ್ಲ. ಬೆಳಿಗ್ಗೆ ಎದ್ದವಳೇ ನನ್ನನ್ನು ಎಳೆದುಕೊಂಡು ಗಿಡದ ಕೆಳಗೆ ಹೋಗುವಳು. ಸಂಜೆ ನಾನು ಬಾಳೆನಾರು ಸೀಳಿ ಹೂ ಕಟ್ಟುವುದನ್ನು ಕಲಿಯುತ್ತಿದ್ದರೆ ಪಕ್ಕದಲ್ಲೇ ಕೂತು ಕೈ ತಿದ್ದುವಳು. "ಇಷ್ಟು ಬಿಗಿ ಎಳೆದ್ರೆ ಕತ್ತು ಮುರಿಯುತ್ತೆ ಚಿಕ್ಕಮ್ಮ, ಹೂವಿಗೂ ನೋವಾಗಲ್ವಾ?" ತಿರುಮಲಮ್ಮ ದೂರದಿಂದಲೇ, "ಬಂದ್ಲಪ್ಪ ಮೇಷ್ಟ್ರು," ಎನ್ನುವರು. ಆದರೆ ಅವಳು ಶಾಲೆಗೆ ಹೋಗಿ, ಅಕ್ಕ ತಮ್ಮ ಇಬ್ಬರೂ ಮಾಲೆ ಹೊತ್ತು ಗುಡಿಗೆ ಹೋದರೆ ಮನೆಯಲ್ಲಿ ನಾನು ಮತ್ತು ಮೂರನೆಯವಳು ಇಬ್ಬರೇ. ಅರಿಸಿನದ ದಾರ ಕಟ್ಟಿಕೊಂಡು ನಿಂತ ಆ ಗಿಡ ದಿನದಿನಕ್ಕೆ ಸೊಂಪಾಗುತ್ತಿತ್ತು. ಮೇಲಿನ ತುದಿಯಲ್ಲಿ ಹೊಸ ಮೊಗ್ಗಿನ ಗೊಂಚಲು ಬಂದಿತ್ತು. ನನಗೆ ಆರನೆಯ ದಿನ ಮೈ ಬೆಚ್ಚಗಾಯಿತು. ಏಳನೆಯ ದಿನ ಬಾಯಿ ಕಹಿ. ಯಾರಿಗೂ ಹೇಳಲಿಲ್ಲ.

ಎಂಟನೆಯ ದಿನ ಬೆಳಿಗ್ಗೆ ಜಲಜ ಕೂಗಿಕೊಂಡು ಬಂದಳು. "ಚಿಕ್ಕಮ್ಮಾ, ಜುಮಕಿ ಕಪ್ಪಾಗಿದೆ! ಒಳಗೆ ಕಾಣ್ತಿದೆ!"

ಓಡಿದೆ. ಹಸಿರೆಲ್ಲ ಮಾಯವಾಗಿ ಗೂಡಿನ ಮೈ ಗಾಜಿನ ಹಾಗೆ ತಿಳಿಯಾಗಿತ್ತು. ಒಳಗೆ ಕಾವಿಬಣ್ಣದ ರೆಕ್ಕೆ ಮಡಿಚಿಟ್ಟದ್ದು ಕಾಣುತ್ತಿತ್ತು. ಅಂಚಿನಲ್ಲಿ ಕಪ್ಪು, ಕಪ್ಪಿನಲ್ಲಿ ಬಿಳಿ ಚುಕ್ಕೆ. ನೋಡುತ್ತಿದ್ದಂತೆ ಕೆಳಗಿನ ತುದಿ ಸೀಳಿತು. ಮೊದಲು ಕಾಲು ಬಂದವು. ಆಮೇಲೆ ಒದ್ದೆಯಾದ ಮೈಯನ್ನು ಸರಕ್ಕನೆ ಜಾರಿಸಿಕೊಂಡು ಹೊರಗೆ ಬಂದು, ತನ್ನದೇ ಖಾಲಿ ಸಿಪ್ಪೆಗೆ ಜೋತುಬಿತ್ತು. ರೆಕ್ಕೆ ಎನ್ನುವಂಥದ್ದೇನೂ ಇರಲಿಲ್ಲ. ಹಿಂಡಿದ ಬಟ್ಟೆಯ ಚೂರಿನಂಥದ್ದು ಏನೋ.

"ಅಯ್ಯೋ, ಇದು ಕುಂಟು ಹುಟ್ಟಿದೆ," ಎಂದೆ ನಾನು.

"ಶ್! ಇರಿ ಚಿಕ್ಕಮ್ಮ."

ಇದ್ದೆ. ಅದು ಜೋತುಬಿದ್ದಲ್ಲೇ ಉಸಿರೆಳೆದ ಹಾಗೆ ಹೊಟ್ಟೆಯನ್ನು ಆಡಿಸಿತು. ಮಡಿಕೆ ಮಡಿಕೆಯಾಗಿದ್ದ ರೆಕ್ಕೆ ಇಷ್ಟಿಷ್ಟೇ ಇಳಿಯಿತು, ಒಣಹಾಕಿದ ಸೀರೆಯ ನೆರಿಗೆ ತನ್ನ ಭಾರಕ್ಕೆ ತಾನೇ ಬಿಚ್ಚಿಕೊಳ್ಳುವ ಹಾಗೆ. ಜಲಜ ಪಿಸುದನಿಯಲ್ಲಿ, "ನೇತಾಡಿದ್ರೇನೇ ಬಿಚ್ಕೊಳೋದು ನೋಡಿ," ಎಂದಳು. ಬಿಸಿಲು ಗೋಡೆ ಇಳಿದು ಗಿಡ ಮುಟ್ಟುವ ಹೊತ್ತಿಗೆ ಅದು ರೆಕ್ಕೆಯನ್ನು ಎರಡು ಸಲ ಮುಚ್ಚಿ ತೆರೆದು, ನಮ್ಮಿಬ್ಬರ ತಲೆಯ ನಡುವಿನಿಂದ ಎದ್ದು ಬೇಲಿ ದಾಟಿ ಹೋಯಿತು. ಹುಡುಗಿ ನನ್ನ ಕುತ್ತಿಗೆಗೆ ಜೋತುಬಿದ್ದಳು. ನನ್ನ ಮೈ ಬಿಸಿಯಿರುವುದು ಅವಳಿಗೆ ಗೊತ್ತಾಗಲಿಲ್ಲ.

ಉಳಿದ ಎಂಟರಲ್ಲೂ ಬಣ್ಣ ಮೂಡುತ್ತಿತ್ತು. "ನಾಳೆ ಬೆಳಿಗ್ಗೆ ಇವೆಲ್ಲಾ ಒಟ್ಟಿಗೆ," ಎಂದಳು ಜಲಜ, ಚೀಲ ಹೆಗಲಿಗೇರಿಸಿಕೊಳ್ಳುತ್ತಾ. "ಯಾರಿಗೂ ಮುಟ್ಟೋಕೆ ಬಿಡ್ಬೇಡಿ. ಆಣೆ?"

"ಆಣೆ," ಎಂದೆ.

ಅವರೆಲ್ಲ ಹೋದ ಮೇಲೆ ನೀರು ಸೇದಲು ಹಿತ್ತಲ ಬಾವಿಗೆ ಹೋದೆ. ತಲೆ ಸುತ್ತುತ್ತಿತ್ತು. ಅರ್ಧ ಎಳೆದಿದ್ದೆ, ಹಗ್ಗ ಹಗುರಾಯಿತು. ಕುಣಿಕೆಯಿಂದ ಕಳಚಿಕೊಂಡ ನನ್ನ ಹೆಸರಿನ ಕೊಡ ಧಡಾರೆಂದು ಬಿದ್ದು, ಒಂದು ಸಲ ಗುಳುಗುಳು ಎಂದು ಮುಳುಗಿತು. ಖಾಲಿ ಹಗ್ಗ ಕೈಯಲ್ಲಿ ಹಿಡಿದು ನಿಂತೆ. ಸದ್ದು ಕೇಳಿ ಪಕ್ಕದ ಮನೆಯ ಪುಟ್ಟಲಿಂಗಮ್ಮ ಬೇಲಿಯ ಆಚೆಯಿಂದ ಇಣುಕಿದಳು. ಸೊಂಟದಲ್ಲಿ ಮೂರು ತಿಂಗಳ ಕೂಸು.

"ಏನ್ ಬಿತ್ತಕ್ಕಾ?"

"ಕೊಡ."

"ಹೊಸದಾ? ಅಯ್ಯೋ ಶಿವನೇ," ಎಂದಳು. ಅವಳು ಅಂದದ್ದು ಅಷ್ಟೇ. ಅವಳ ಕಣ್ಣು ಮಾತ್ರ ಒಮ್ಮೆ ಎಕ್ಕದ ಕಡೆ ಹೋಗಿ ನನ್ನ ಕಡೆ ಬಂತು. ಅವಳು ಒಳಗೆ ಹೋದ ಮೇಲೂ ಆ ನೋಟ ಬೇಲಿಯ ಮೇಲೆ ಉಳಿದಿತ್ತು.

ಆಮೇಲೆ ನಾನು ಯೋಚಿಸಿದ್ದು ನೆನಪಿಲ್ಲ. ಕುಡುಗೋಲು ಹಿಡಿದದ್ದು ನೆನಪಿದೆ. ಬುಡದ ಅರಿಸಿನದ ಕೊಂಬಿನ ಕೆಳಗೇ ಮೊದಲ ಏಟು ಹಾಕಿದೆ. ಹಾಲು ಚಿಮ್ಮಿತು. ಎಕ್ಕ ಮೆತ್ತನೆಯ ಮರ, ನಾಲ್ಕೈದು ಏಟಿಗೆ ವಾಲಿತು. ಬೀಳುವಾಗ ಎಲೆಗಳು ಉಲ್ಟಾ ತಿರುಗಿ ಎಂಟು ಗೂಡುಗಳೂ ಒಂದೇ ಸಲ ನನ್ನ ಕಡೆ ನೋಡಿದ ಹಾಗಾಯಿತು. ಕೊನೆಯ ಏಟಿಗೆ ಒಂದು ಹನಿ ಹಾಲು ಎಡಗಣ್ಣಿಗೆ ಹಾರಿತು. ಕಣ್ಣು ಮುಚ್ಚಿಕೊಂಡೇ ಗಿಡವನ್ನು ಎಳೆದುಕೊಂಡು ಹಿತ್ತಲ ಗೋಡೆಯ ಆಚೆಯ ತಿಪ್ಪೆಗೆ ಹಾಕಿ ಬಂದೆ. ಬರುವಾಗ ಕಾಲಿನ ಕೆಳಗೆ ಏನೋ ಹಿಸುಕಿಹೋಯಿತು. ನೋಡಲಿಲ್ಲ. ಸಂಜೆ ಕಾಲು ತೊಳೆಯುವಾಗ ಹಿಮ್ಮಡಿಯಲ್ಲಿ ಕಾವಿಬಣ್ಣ ಅಂಟಿತ್ತು.

ಕಣ್ಣಿಗೆ ಎಷ್ಟು ನೀರು ಹಾಕಿದರೂ ಉರಿ ಇಳಿಯಲಿಲ್ಲ. ರೆಪ್ಪೆ ಊದಿ ಮುಚ್ಚಿಕೊಂಡಿತು. ಮಧ್ಯಾಹ್ನ ಊಟಕ್ಕೆ ಜಲಜ ಬಂದಳು. ಚೀಲ ಎಸೆದು ನೇರ ಹಿತ್ತಲಿಗೆ ಹೋದ ಸದ್ದು ಕೇಳಿತು. ಅಳು ಬರಬಹುದೆಂದು ಕಾದೆ, ಬರಲಿಲ್ಲ. ಅವಳು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು.

"ಗಿಡ ಎಲ್ಲಿ ಚಿಕ್ಕಮ್ಮ?"

"ನಿಮ್ಮತ್ತೆ ಕಡಿಸಿಬಿಟ್ರು," ಎಂದೆ. ಬಾಯಿಗೆ ಆ ಹೆಸರು ಹೇಗೆ ಬಂತೋ. "ನಾನು ಬೇಡ ಅಂದೆ. ಕೇಳ್ಲಿಲ್ಲ."

ಅವಳು ನನ್ನ ಮುಖ ನೋಡಿದಳು. "ಕಣ್ಣಿಗೆ ಏನಾಯ್ತು?"

"ಖಾರ ಕುಟ್ತಾ ಇದ್ದೆ. ಸಿಡೀತು."

ಅವಳು ಇನ್ನೇನೂ ಕೇಳಲಿಲ್ಲ. ಗೋಡೆಯ ಗೂಡಿನಲ್ಲಿದ್ದ ಒಳಲೆ ತೆಗೆದುಕೊಂಡಳು, ಕೂಸುಗಳಿಗೆ ಹಾಲು ಕುಡಿಸುವ ಮೂತಿಯ ಬಟ್ಟಲು, ಅವಳೇ ಕುಡಿದು ಬೆಳೆದದ್ದು. ಬೇಲಿ ನುಸುಳಿ ಪುಟ್ಟಲಿಂಗಮ್ಮನ ಮನೆಗೆ ಓಡಿದಳು. ತಿರುಗಿ ಬಂದಾಗ ಅದರ ತಳದಲ್ಲಿ ಎರಡು ಚಮಚದಷ್ಟು ಎದೆಹಾಲಿತ್ತು. ನನ್ನನ್ನು ಗೋಡೆಗೆ ಒರಗಿಸಿ, ಊದಿದ ರೆಪ್ಪೆಯನ್ನು ಎರಡು ಪುಟ್ಟ ಬೆರಳಿಂದ ಬಿಡಿಸಿ, "ಕಣ್ಣು ಬಿಡಿ ಚಿಕ್ಕಮ್ಮ," ಎಂದಳು. ಒಳಲೆಯ ಮೂತಿಯಲ್ಲಿ ಹನಿಯೊಂದು ತೂಗುತ್ತಿತ್ತು. ಅದರ ಹಿಂದೆ ಅವಳ ಮುಖ. ನನಗೆ ನೋಡಲಾಗಲಿಲ್ಲ, ಕಣ್ಣನ್ನು ಬಿಗಿಯಾಗಿ ಮುಚ್ಚಿಕೊಂಡೆ. ಹಾಲು ಕೆನ್ನೆಯ ಮೇಲೆ ಹರಿಯಿತು. "ಬಿಡೀ ಅಂದ್ರೆ," ಎಂದು ಗದರಿಸಿ ಅವಳು ಮತ್ತೆ ಹನಿಸಿದಳು, ಮತ್ತೆ, ಮತ್ತೆ, ಒಳಲೆ ಬರಿದಾಗುವ ತನಕ.

ಗುಡಿಯಿಂದ ಬಂದ ತಿರುಮಲಮ್ಮ ಹಿತ್ತಲು ನೋಡಿ ಒಳಗೆ ಬಂದರು. ಜಲಜ ಅವರ ಎದುರಿಗೇ, "ಅತ್ತೆ, ಗಿಡ ನೀವು ಕಡಿಸಿದ್ರಂತೆ," ಎಂದಳು. ತಿರುಮಲಮ್ಮ ನನ್ನ ಊದಿದ ಕಣ್ಣನ್ನು ನೋಡಿದರು, ಮೂಲೆಯಲ್ಲಿದ್ದ ಕುಡುಗೋಲನ್ನು ನೋಡಿದರು. ಹೆಗಲ ಮೇಲಿನ ಖಾಲಿ ಹೂವಿನ ಬುಟ್ಟಿ ಇಳಿಸಿದರು.

"ಹೂಂ ಕಣೇ, ನಾನೇ," ಎಂದರು. "ಏನೀಗ?"

ಸಂಜೆ ನಮ್ಮವರು ಬಾವಿಗೆ ಪಾತಾಳಗರಡಿ ಇಳಿಬಿಟ್ಟು, ಅದರ ಕೊಕ್ಕೆಗೆ ಸಿಕ್ಕಿಸಿ ನನ್ನ ಕೊಡ ಎತ್ತಿದರು. ಒಂದು ಕಡೆ ನೆಗ್ಗಿತ್ತು, ಅಷ್ಟೇ. "ಕುಣಿಕೆ ಸಡಿಲ ಇತ್ತು ಕಣೇ, ಬೇರೇನಿಲ್ಲ," ಎಂದು ನಕ್ಕರು. ಕಷಾಯ ಕುಡಿದೆ. ಮರುದಿನಕ್ಕೆ ಜ್ವರವೂ ಇಳಿಯಿತು.

ಆ ಮರುದಿನ ಬೆಳಿಗ್ಗೆ, ಎಲ್ಲರೂ ಏಳುವ ಮುಂಚೆ ತಿಪ್ಪೆಗೆ ಹೋಗಿ ಆ ಗಿಡವನ್ನು ಇನ್ನೂ ದೂರ ಎಳೆದುಹಾಕಬೇಕೆಂದು ಹೊರಟೆ. ಗೋಡೆಯ ಹತ್ತಿರ ಹೋದವಳು ಅಲ್ಲೇ ನಿಂತೆ. ಜಲಜ ನನಗಿಂತ ಮುಂಚೆ ಬಂದಿದ್ದಳು. ಕಡಿದ ಕೊಂಬೆಗಳನ್ನು ಎತ್ತಿ ನಿಲ್ಲಿಸಿ, ಬುಡಕ್ಕೆ ಕಲ್ಲು ಜೋಡಿಸಿ, ಬಾಡಿದ ಎಲೆಗಳನ್ನು ಬಾಳೆನಾರಿನಿಂದ ಕಟ್ಟಿದ್ದಳು, ಗೂಡುಗಳು ನೇತಾಡಲಿ ಎಂದು. ಎರಡು ಗೂಡಿನಿಂದ ಹೊರಬಂದವು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿದ್ದವು. ಉಳಿದವು ಅವಳು ಎತ್ತಿ ನಿಲ್ಲಿಸುವುದಕ್ಕೆ ಮೊದಲೇ ನೆಲದಲ್ಲಿ ಒಡೆದಿದ್ದವು. ಅವುಗಳ ರೆಕ್ಕೆ ಮಡಿಕೆಯಲ್ಲೇ ಒಣಗಿ ಗಟ್ಟಿಯಾಗಿತ್ತು. ಹಾರಲು ಬಾರದ ಐದು ಕಾವಿಬಣ್ಣದ ಚೂರುಗಳು ಕಸದ ಮೇಲೆ ನಡೆದಾಡುತ್ತಿದ್ದವು. ಒಂದು ಅವಳ ಬೆರಳು ಹತ್ತಿತು. ಅವಳು ಕೈ ಮೇಲೆತ್ತಿ ಗಾಳಿಗೆ ಹಿಡಿದಳು. ಅದು ಬೆರಳ ತುದಿಯ ತನಕ ಹೋಗಿ, ಮುಂದೆ ದಾರಿಯಿಲ್ಲದೆ ಮತ್ತೆ ಅಂಗೈಗೆ ಇಳಿಯಿತು. ಮತ್ತೆ ಹತ್ತಿತು.

ನಾನು ಗೋಡೆಯ ಮರೆಯಿಂದಲೇ ಹಿಂದಕ್ಕೆ ಬಂದೆ. ಕರೆಯಲಿಲ್ಲ.

ಅವಳು ಅತ್ತೆಯ ಮೇಲೆ ಮುನಿಸಿಕೊಳ್ಳುತ್ತಾಳೆಂದು ನಾನು ಹೆದರಿದ್ದೆ. ಮುನಿಸಿಕೊಳ್ಳಲಿಲ್ಲ. ಯಾವತ್ತಿನ ಹಾಗೆ ಅವರ ಪಕ್ಕದಲ್ಲೇ ಮಲಗಿದಳು, ಅವರಿಂದಲೇ ಜಡೆ ಹಾಕಿಸಿಕೊಂಡಳು. ಮಕ್ಕಳು ಎಷ್ಟು ಬೇಗ ಮರೆಯುತ್ತಾರೆ ಎಂದುಕೊಂಡು ನಾನು ಹಗುರಾದೆ. ಆ ಹಗುರವನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ತಿಂಗಳಾದ ಮೇಲೆ ಅವಳು ತನ್ನ ಹಳೆಯ ಸ್ಲೇಟು ತಂದು ನನ್ನ ಮುಂದಿಟ್ಟು, "ಕೊಡದ ಮೇಲಿರೋ ನಿಮ್ಮ ಹೆಸರು ನಿಮಗೇ ಓದೋಕೆ ಬರಲ್ವಂತೆ," ಎಂದಳು. ದಿನಕ್ಕೆ ಒಂದಕ್ಷರ. ನಾನು ಹೂ ಕಟ್ಟುತ್ತಾ ಹೇಳಬೇಕು, ಅವಳು ಬರೆದು ತೋರಿಸುವಳು, ಒಂದೊಂದಕ್ಕೂ ಒಂದು ಪದ. ಎ ಬರುವ ದಿನ, ಎಕ್ಕ ಎಂದೇ ಬರೆಯುತ್ತಾಳೆಂದು ನಾನು ತಲೆಯೆತ್ತದೆ ಹೂ ಕಟ್ಟಿದೆ. ಅವಳು ಸ್ಲೇಟನ್ನು ಒರೆಸಿ, ಬಳಪ ಹಿಡಿದು, ಎ ಎಂದು ಬರೆದು ನನ್ನ ಕಡೆ ನೋಡಿದಳು. ಆಮೇಲೆ 'ಎಲೆ' ಎಂದು ಬರೆದಳು. "ನಾಳೆ ಏಣಿ," ಎಂದಳು.

ಗಿಡದ ಬುಡ ಮಳೆ ಬಂದ ಕೂಡಲೇ ಚಿಗುರಿತು. ಎಕ್ಕ ಹಾಗೆ ಸಾಯುವ ಜಾತಿಯಲ್ಲ. ಕಡಿಯಿರೆಂದು ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಬಟ್ಟೆ ಒಗೆದ ನೀರು ಆ ಕಡೆ ಹರಿಯುವಂತೆ ಕಾಲುವೆ ತೋಡಿದೆ. ವರ್ಷ ಕಳೆಯಿತು, ಎರಡು ಕಳೆಯಿತು, ಮೂರನೆಯವಳೂ ಬದುಕಿದಳು, ನಾನೂ ಬದುಕಿದೆ. ನನಗೆ ಗಂಡುಮಗುವಾಯಿತು. ಏನೂ ಆಗುವುದಿಲ್ಲವೆಂದು ಗೊತ್ತಾದ ಮೇಲೆ ನಾನು ಮಾಡಿದ್ದು ಇನ್ನೂ ದೊಡ್ಡದಾಗಿ ಕಂಡಿತು.

ನನ್ನ ಮಗನಿಗೆ ಆರು ವರ್ಷವಾಗಿದ್ದಾಗ ಎಕ್ಕದ ಹೂ ಬಿಡಿಸಲು ಹೋಗಿ ಕಣ್ಣಿಗೆ ಹಾಲು ಬೀಳಿಸಿಕೊಂಡ. ನಾನು ನೀರು ತರಲು ಓಡಿದೆ. ತಿರುಮಲಮ್ಮ ಕೂಗಿದರು. "ನೀರಲ್ಲ ಕಣೇ! ಎಷ್ಟು ವರ್ಷ ಆಯ್ತು ಹೂವಾಡಿಗರ ಮನೆಗೆ ಬಂದು? ಎಕ್ಕದ ಹಾಲಿಗೆ ಎದೆಹಾಲೇ ಮದ್ದು, ನಮ್ಮಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಯಾರ ಮನೇಲಿ ಬಾಣಂತಿ ಇದಾಳೆ ನೋಡ್ರೇ!"

"ಖಾರ ಬಿದ್ರೆ?" ಎಂದೆ. ಆ ಗಡಿಬಿಡಿಯಲ್ಲಿ ಯಾಕೆ ಕೇಳಿದೆನೋ.

"ಖಾರಕ್ಕೆ ಯಾರೇ ಎದೆಹಾಲು ತರ್ತಾರೆ, ಹುಚ್ಚಿ?"

ಜಲಜಳಿಗೆ ಆಗ ಹದಿನಾರು ತುಂಬಿತ್ತು. ಅಷ್ಟರಲ್ಲೇ ಒಳಲೆ ಹಿಡಿದು ಹೊಸಿಲು ದಾಟಿದ್ದಳು. ಆ ಮಾತು ಕೇಳಿ ಒಂದು ಕ್ಷಣ ನಿಂತು ತಿರುಗಿ ನೋಡಿದಳು, ಅತ್ತೆಯನ್ನಲ್ಲ, ನನ್ನನ್ನು. ಆಮೇಲೆ ಓಡಿದಳು.

ಅವತ್ತು ನನಗೆ ತಿಳಿಯಿತು. ಎಂಟು ವರ್ಷದ ಹುಡುಗಿ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದಾಗಲೇ ಎಲ್ಲವನ್ನೂ ಓದಿದ್ದಳು. ನನ್ನ ಸುಳ್ಳು ಇನ್ನೂ ಬಾಯಲ್ಲಿ ಹಸಿಯಾಗಿರುವಾಗಲೇ ಖಾರದ್ದಲ್ಲ, ಎಕ್ಕದ ಹಾಲಿನ ಮದ್ದು ತರಲು ಓಡಿದ್ದಳು. ಅತ್ತೆಯನ್ನು ಕೇಳಿದ್ದು ತಿಳಿದುಕೊಳ್ಳುವುದಕ್ಕಲ್ಲ. ನಾನು ಎದ್ದು ನಿಂತು 'ಅಲ್ಲ' ಎನ್ನಲಿ ಎಂದು. ಅತ್ತೆ ಒಪ್ಪಿಕೊಂಡದ್ದೂ ಮಗುವಿಗೆ ಇನ್ನೊಬ್ಬ ತಾಯಿ ತಪ್ಪದಿರಲಿ ಎಂದು. ಮರೆಮಾಡಿದ್ದೇನೆಂದು ಆ ಮನೆಯಲ್ಲಿ ನಂಬಿಕೊಂಡಿದ್ದವಳು ನಾನೊಬ್ಬಳೇ.

ಅವತ್ತಾದರೂ ಹೇಳಬಹುದಿತ್ತು. ತಿರುಮಲಮ್ಮ ಹಾಸಿಗೆ ಹಿಡಿದಾಗ, ಅವರ ಹೆಸರಿಗೆ ಅಂಟಿಸಿದ್ದನ್ನು ಬಿಡಿಸಿಕೊಡಬಹುದಿತ್ತು. ಅವರ ಕಾಲೊತ್ತುತ್ತಾ, "ಅತ್ತಿಗೆ, ಆ ಎಕ್ಕ..." ಎಂದಿದ್ದೆ. "ನನಗೇನು ಭಾರ ಇಲ್ಲ ಬಿಡು," ಎಂದು ಗೋಡೆಗೆ ತಿರುಗಿದರು. ಜಲಜಳ ಮದುವೆಯಲ್ಲಿ ಅವಳ ತಾಯಿಯ ಜುಮಕಿಯನ್ನು ಬಿಚ್ಚಿ ಅವಳ ಕಿವಿಗೆ ಹಾಕಿದಾಗ ಹೇಳಬಹುದಿತ್ತು. ಅವಳು ಮೇಷ್ಟ್ರಾದಳು, ಅಜ್ಜಿಯಾದಳು. ನಮ್ಮವರು ಹೋದರು. ಹೇಳಲು ಸಿಕ್ಕ ಹೊತ್ತುಗಳನ್ನೆಲ್ಲ ಒಂದೊಂದಾಗಿ ದಾಟಿಕೊಂಡು ನಾನು ಎಂಬತ್ತರ ಹತ್ತಿರ ಬಂದೆ.

ಪೊರೆ ತೆಗೆಸಿ ಏಳನೆಯ ದಿನ. ಬೆಳಿಗ್ಗೆ ಜಲಜ ಬಂದಾಗ ನಾನು ಹಿತ್ತಲಲ್ಲಿ, ಒಗೆಯುವ ಕಲ್ಲಿನ ಮೇಲೆ ಕೂತಿದ್ದೆ. ಎಕ್ಕ ಈಗ ಗೋಡೆಗಿಂತ ಎತ್ತರ. ಕೈಗೆಟುಕುವ ಎಲೆಯ ಅಡಿಯಲ್ಲಿ ಒಂದು ಗೂಡು ತೂಗುತ್ತಿತ್ತು. ಕಪ್ಪಾಗಿತ್ತು.

"ಇವತ್ತು ಒಡೆಯುತ್ತೆ," ಎಂದಳು ಜಲಜ, ಕನ್ನಡಕ ಸರಿಮಾಡಿಕೊಂಡು ನೋಡಿ. ಔಷಧಿಯ ಸೀಸೆ ತೆಗೆದು ಮುಚ್ಚಳ ತಿರುಗಿಸತೊಡಗಿದಳು.

"ಜಲಜ," ಎಂದೆ. "ಆವತ್ತು ಗಿಡ ಕಡಿದದ್ದು ನಿಮ್ಮತ್ತೆ ಅಲ್ಲ."

"ಹೂಂ."

"ನಾನು."

"ಹೂಂ." ಮುಚ್ಚಳ ಕೈಯಲ್ಲೇ ಇತ್ತು.

"ನಿನಗೆ ಅವತ್ತೇ ಗೊತ್ತಿತ್ತು."

"ಮನೆಯೆಲ್ಲಾ ಎಕ್ಕದ ಹಾಲು ನಾರ್ತಿತ್ತು ಚಿಕ್ಕಮ್ಮ. ನಿಮ್ಮ ಸೆರಗು ಅಂಟಂಟಾಗಿತ್ತು. ಒರಳಲ್ಲಿ ಖಾರದ ಚೂರೂ ಇರ್ಲಿಲ್ಲ." ಅವಳು ಸ್ವಲ್ಪ ನಕ್ಕಳು. "ಖಾರವಂತೆ."

"ಯಾಕೆ ಕೇಳಲಿಲ್ಲ?"

ಅವಳು ಗೂಡಿನ ಕಡೆ ನೋಡುತ್ತಾ ಕೂತಳು. "ಕೇಳಿದ್ರೆ ಇನ್ನೊಂದು ಹೇಳ್ತಿದ್ರಿ. ನೀವಾಗೇ ಹೇಳ್ತೀರಿ ಅಂತ ಕಾದೆ. ಮೊದಲನೇ ವರ್ಷ ದಿನಾ ಕಾಯ್ತಿದ್ದೆ. ಸ್ಲೇಟು ತಂದದ್ದೂ ಅದಕ್ಕೇ, ಪಕ್ಕದಲ್ಲಿ ಕೂತ್ರೆ ಹೇಳ್ತೀರೇನೋ ಅಂತ. ಆಮೇಲೆ..." ಎಂದು ನಿಲ್ಲಿಸಿ, "ಆಮೇಲೆ ಕಾಯೋದು ಬಿಟ್ಟೆ," ಎಂದಳು.

ಕ್ಷಮಿಸಿದೆ ಎನ್ನಲಿಲ್ಲ. ನಾನು ಕೇಳಲೂ ಇಲ್ಲ. ಐವತ್ತು ವರ್ಷಕ್ಕೂ ಮೇಲೆ ತಡವಾಗಿ ಬಂದವಳಿಗೆ ಕೇಳುವ ಬಾಯಿ ಎಲ್ಲಿಂದ?

"ಎಂಟರಲ್ಲಿ ಎರಡು ಹಾರಿದ್ವು," ಎಂದಳು ಅವಳು. "ಅದು ನಿಮಗೆ ಗೊತ್ತಾ?"

"ಗೋಡೆ ಮರೆಯಿಂದ ನೋಡಿದೆ."

"ಓ," ಎಂದಳು. ಇದ್ದಕ್ಕಿದ್ದ ಹಾಗೆ ಅವಳ ದನಿ ಎಂಟು ವರ್ಷದ್ದಾಯಿತು. "ಅಲ್ಲೇ ಇದ್ರಾ? ಇದು ಗೊತ್ತಿರ್ಲಿಲ್ಲ." ಅವಳ ಮುಖದಲ್ಲಿ ನೋವು ಹೊಸದಾಗಿ ಮೂಡಿದ್ದನ್ನು ನಾನು ಕಂಡೆ. ಗಿಡಕ್ಕಾಗಿ ಅಲ್ಲ, ಕರೆಯದೆ ಹಿಂದಿರುಗಿದ್ದಕ್ಕಾಗಿ.

ಎದ್ದು ನನ್ನ ಮುಂದೆ ಬಂದು ನಿಂತಳು. ಗಲ್ಲ ಹಿಡಿದು ಮುಖ ಮೇಲೆತ್ತಿದಳು.

"ಕಣ್ಣು ಬಿಡಿ ಚಿಕ್ಕಮ್ಮ."

ಸೀಸೆಯ ತುದಿಯಲ್ಲಿ ಹನಿ ದಪ್ಪವಾಯಿತು. ಅದರ ಪಕ್ಕದಲ್ಲಿ, ಎಲೆಯ ಅಡಿಯಲ್ಲಿ, ಗೂಡು ಸೀಳಿ ಎರಡು ಕಾಲು ಹೊರಗೆ ಬಂದು ಹಿಡಿಗಾಗಿ ತಡಕಾಡುತ್ತಿದ್ದವು. ಹನಿಯ ಹಿಂದೆ ನರೆತ ಹುಬ್ಬು, ಕನ್ನಡಕ, ಅವಳ ಮುಖ ಪೂರ್ತಿಯಾಗಿ ಕಾಣುತ್ತಿತ್ತು. ಹನಿ ತೂಗಿತು.

ನಾನು ಕಣ್ಣು ಮುಚ್ಚಲಿಲ್ಲ.